ಸಾಮನ್ ಹೊಳೆಯ ದಂಡೆಯ ಪಾಲಿ ಬೀಮಿಸ್

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಭೂಪಟವನ್ನು ಬಿಡಿಸಿ ವಾಯವ್ಯದ ಮೂಲೆಯತ್ತ ಕಣ್ಣು ಹಾಯಿಸಿದರೆ ಐಡಾಹೊ ಎಂಬ ಸಂಸ್ಥಾನವು ಕಾಣುತ್ತದೆ. ಅದರ ನಡುಭಾಗದಲ್ಲಿ ಎತ್ತರವಾದ ಪರ್ವತಗಳನ್ನು ಆಳವಾಗಿ ಕೊರೆದುಕೊಂಡು ಪಶ್ಚಿಮಾಭಿಮುಖವಾಗಿ ಹರಿಯುವ ನದಿಯೊಂದಿದೆ. ಸಾಮನ್ ಜಾತಿಯ ಮೀನುಗಳಿಂದಾಗಿ ಅದಕ್ಕೆ ಸಾಮನ್ ನದಿಯೆಂದು ಹೆಸರು. ಹಳಬರು ಅದನ್ನು ಮರಳಿ ಬಾರದ ಹೊಳೆಯೆಂದೂ ಕರೆಯುತ್ತಿದ್ದರು. ಪ್ರವಾಹದೊಡನೆ ದೋಣಿಯಲ್ಲಿ ಇಳಿದು ಹೋಗಬಹುದಾಗಿತ್ತೇ ಹೊರತು ಆ ಸೆಳವಿಗೆ ಎದುರಾಗಿ ಹುಟ್ಟು ಹಾಕಿ ಹಿಂದಿರುಗುವುದು ಆ ಕಾಲದಲ್ಲಿ ಸಾಧ್ಯವಿರಲಿಲ್ಲ. ದೋಣಿಯವರು ಸಾಮಾನು ಇಳಿಸಿದ ಮೇಲೆ ದೋಣಿಯನ್ನೇ ಬಿಚ್ಚಿ, ಹಲಗೆಗಳನ್ನು ಮಾರಿ, ತಾವು ಕಾಲುದಾರಿ ಹಿಡಿದು ಊರು ಸೇರುತ್ತಿದ್ದರು.

ಈ ಹೊಳೆಯ ದಂಡೆಯಲ್ಲಿ ಚೀನ ದೇಶದ ಹೆಣ್ಣುಮಗಳೊಬ್ಬಳು, ಅಮೆರಿಕದ ಪೂರ್ವತೀರದಿಂದ ಬಂದ ಗಂಡನೊಡನೆ ಇಪ್ಪತ್ತೆಂಟು ವರ್ಷ ಸಂಸಾರ ನಡೆಸಿದಳು. ಆಕೆಯ ಹೆಸರು ಪಾಲಿ ಬೀಮಿಸ್. ಆಕೆ ರಾಜ್ಯವನ್ನು ಆಳಿದವಳಲ್ಲ, ಗ್ರಂಥ ಬರೆದವಳಲ್ಲ. ಓದು ಬರಹವನ್ನೇ ಅರಿಯಳು. ಆದರೂ ಐಡಾಹೊ ಸಂಸ್ಥಾನದಲ್ಲಿ ಇಂದಿಗೂ ಆಕೆಯ ಹೆಸರನ್ನು ಅರಿಯದವರು ವಿರಳ. ಅವಳನ್ನು ಕುರಿತು ೧೯೮೧ರಲ್ಲಿ ಒಂದು ಕಾದಂಬರಿ ಹೊರಬಂದಿತು. ಅದನ್ನು ಆಧರಿಸಿ ಮುಂದೆ ಚಲಚ್ಚಿತ್ರವನ್ನೂ ಮಾಡಿದರು. ಖ್ಯಾತಿಯೇನೋ ಬಂದಿತು, ಆದರೆ ಅದರ ಜೊತೆಯಲ್ಲಿ ಒಂದು ಸುಳ್ಳೂ ಬಂದಿತು. ಆ ಸುಳ್ಳಿನ ವಿಷಯವನ್ನು ಮುಂದೆ ಹೇಳುತ್ತೇವೆ.

ಪಾಲಿಯು ೧೮೫೩ರ ಸೆಪ್ಟೆಂಬರಿನಲ್ಲಿ ಉತ್ತರ ಚೀನದಲ್ಲಿ ಹುಟ್ಟಿದಳು. ಪಾಲಿ ಎಂಬುದು ಅಮೆರಿಕದವರು ಇಟ್ಟ ಹೆಸರು. ತೌರಿನ ಹೆಸರು ಲಾಲು ನಾಥೋಯ್ ಎಂದು ಅನೇಕ ಪುಸ್ತಕಗಳಲ್ಲಿ ಬರೆದಿದ್ದರೂ ವಿದ್ವಾಂಸರಲ್ಲಿ ಅದರ ಬಗೆಗೆ ಒಮ್ಮತವಿಲ್ಲ. ತಾಯಿಯು ಕೂಗಿ ಕರೆಯುತ್ತಿದ್ದ ಹೆಸರೇ ಕಳೆದುಹೋಗುವಷ್ಟು ದೂರ ಆ ಹುಡುಗಿ ಬಂದುಬಿಟ್ಟಳು. ಮನೆಯಲ್ಲಿ ಅನ್ನಕ್ಕೆ ಗತಿಯಿಲ್ಲದೆ ಹೋದಾಗ ತನ್ನನ್ನು ಮಾರಿದರೆಂದು ಆಕೆ ತನ್ನ ಮುಪ್ಪಿನಲ್ಲಿ, ೧೯೨೧ರಲ್ಲಿ, ಹೊಳೆಯ ದಾರಿಯಾಗಿ ಬಂದ ಪ್ರವಾಸಿ ಮಹಿಳೆಯೊಬ್ಬಳೊಡನೆ ಹೇಳಿಕೊಂಡಳು. ಮುದುಕಿಯೊಬ್ಬಳು ಆಕೆಯನ್ನು ಕಳ್ಳತನದಿಂದ ಪೋರ್ಟ್‌ಲೆಂಡ್ ಬಂದರಿಗೆ ಸಾಗಿಸಿದಳಂತೆ. ಅಲ್ಲಿ ಕೊಟ್ಟು ಕೊಂಡ ಬೆಲೆ ೨,೫೦೦ ಡಾಲರು. ಐವತ್ತು ವರ್ಷ ಕಳೆದ ಮೇಲೂ ಅವಳು ಆ ಅಂಕಿಯನ್ನು ಮರೆತಿರಲಿಲ್ಲವೆಂಬುದನ್ನು ಓದುವಾಗ ನಮ್ಮ ಮನಸ್ಸು ಒಂದು ಕ್ಷಣ ತಡೆದು ನಿಲ್ಲುತ್ತದೆ. ಅಮೆರಿಕದಲ್ಲಿ ಗುಲಾಮಗಿರಿಯನ್ನು ೧೮೬೫ರಲ್ಲಿಯೇ ಶಾಸನದಿಂದ ತೊಡೆದುಹಾಕಿದ್ದರು. ಆದರೂ ಅದಾಗಿ ಏಳು ವರ್ಷಗಳ ಅನಂತರ ಈ ಹುಡುಗಿಯ ಮಾರಾಟವು ನಡೆದೇ ಹೋಯಿತು.

ಆಕೆಯನ್ನು ಕೊಂಡವನು ಚೀನದವನೇ. ಐಡಾಹೊದ ಗುಡ್ಡಗಳ ನಡುವಿನ ವಾರೆನ್ ಎಂಬ ಗಣಿಯ ಪಾಳೆಯದಲ್ಲಿದ್ದವನು. ೧೮೬೨ರಲ್ಲಿ ಅಲ್ಲಿ ಚಿನ್ನ ಸಿಕ್ಕಿತೆಂಬ ಸುದ್ದಿ ಹಬ್ಬಿ ಸಾವಿರಾರು ಜನ ನುಗ್ಗಿದ್ದರು. ಹೊಳೆಯ ಮರಳನ್ನು ತಟ್ಟೆಯಲ್ಲಿ ಜಾಲಿಸಿ ಚಿನ್ನದ ಕಣಗಳನ್ನು ಹೆಕ್ಕುವುದೇ ಎಲ್ಲರ ಕೆಲಸ. ಸುಲಭವಾಗಿ ದೊರೆಯುವ ಚಿನ್ನ ಮುಗಿದ ಮೇಲೆ ಬಿಳಿಯರಲ್ಲಿ ಬಹಳ ಮಂದಿ ಬೇರೆಡೆಗೆ ಹೊರಟರು. ಅವರು ಬಿಟ್ಟುಹೋದ ಮರಳನ್ನೇ ಮತ್ತೆ ಜಾಲಿಸಲು ಚೀನದವರು ಬಂದರು. ೧೮೭೦ರ ಜನಗಣತಿಯ ಪ್ರಕಾರ ಐಡಾಹೊದ ಒಟ್ಟು ಜನ ಸುಮಾರು ೧೫,೦೦೦. ಅವರಲ್ಲಿ ೪,೦೦೦ಕ್ಕೂ ಮೇಲ್ಪಟ್ಟವರು ಚೀನದವರು. ಎಂದರೆ ಕಾಲು ಪಾಲಿಗಿಂತಲೂ ಹೆಚ್ಚು! ಆದರೆ ಅವರೆಲ್ಲ ಬಹುಮಟ್ಟಿಗೆ ಗಂಡಸರೇ. ಊರಿನಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು, ನಾಲ್ಕು ಕಾಸು ಕೂಡಿಸಿಕೊಂಡು ಹಿಂದಿರುಗುವೆವೆಂದು ಬಂದವರು.

ವಾರೆನ್ನಿಗೆ ಗಾಡಿಯ ದಾರಿಯಿರಲಿಲ್ಲ. ಅಕ್ಕಿ, ಹಿಟ್ಟು, ಗುದ್ದಲಿ, ಬಟ್ಟೆ, ಎಲ್ಲವೂ ಹೇಸರಗತ್ತೆಗಳ ಬೆನ್ನ ಮೇಲೆಯೇ ಬರಬೇಕು. ೧೮೭೨ರ ಜುಲೈ ೮ರಂದು ಅಂತಹ ಹೇರಿನ ಸಾಲಿನೊಡನೆ ಪಾಲಿಯೂ ಊರನ್ನು ಸೇರಿದಳು. ಆಗ ಆಕೆಗೆ ಹದಿನೆಂಟು ವರ್ಷ. ಎತ್ತರದಲ್ಲಿ ಐದು ಅಡಿಯನ್ನೂ ಮುಟ್ಟದ ಸಣ್ಣ ಆಳು. ಅಲ್ಲಿಯ ಬಿಳಿಯರ ಮಾತು ತಿಳಿಯದು. 

ನಾವೂ ಹೊರನಾಡಿನಲ್ಲಿರುವವರೇ. ಶಾಲೆಯ ಬಾಗಿಲನ್ನು ದಾಟಿದೊಡನೆ ನಮ್ಮ ಕಿವಿಗೆ ಬೀಳುವುದು ಬೇರೆ ಭಾಷೆ. ಅಂಗಡಿಯಲ್ಲಿ ಒಂದು, ಬಸ್ಸಿನಲ್ಲಿ ಮತ್ತೊಂದು. ಆದರೆ ಸಂಜೆ ಮನೆಗೆ ಹೋದರೆ ಅಮ್ಮ ಕನ್ನಡದಲ್ಲಿ ಮಾತನಾಡಿಸುತ್ತಾಳೆ, ರಜೆಯಲ್ಲಿ ಅಜ್ಜಿಯ ಊರಿಗೆ ಹೋಗಿ ಬರುತ್ತೇವೆ. ಪಾಲಿಗೆ ಆ ಸಂಜೆಯೂ ಇರಲಿಲ್ಲ, ಆ ರಜೆಯೂ ಇರಲಿಲ್ಲ.

ಆಕೆಯನ್ನು ಕೊಂಡವನ ಮನೆಯಲ್ಲಿ ಎಷ್ಟು ಕಾಲ ಇದ್ದಳು, ಹೇಗೆ ಬಿಡುಗಡೆ ಹೊಂದಿದಳು ಎಂಬುದನ್ನು ಆಕೆ ಯಾರೊಡನೆಯೂ ಬಿಚ್ಚಿ ಹೇಳಲಿಲ್ಲ. ೧೮೮೦ರ ಜನಗಣತಿಯ ಹೊತ್ತಿಗಂತೂ ಆಕೆ ಚಾರ್ಲಿ ಬೀಮಿಸ್ ಎಂಬವನ ಮನೆಯಲ್ಲಿ ಇದ್ದಳು. ಆತ ಪೂರ್ವತೀರದ ಕನೆಕ್ಟಿಕಟ್ ಸಂಸ್ಥಾನದವನು. ೧೮೬೦ರ ದಶಕದಲ್ಲಿ ತಂದೆಯೊಡನೆ ಚಿನ್ನವನ್ನು ಅರಸಿ ಬಂದವನು. ಚಿನ್ನ ಅಗೆಯುವುದು ಅವನಿಗೆ ಅಷ್ಟಾಗಿ ಹಿಡಿಸಲಿಲ್ಲ. ಊರಿನಲ್ಲಿ ಒಂದು ಪಾನಗೃಹವನ್ನು ತೆರೆದು, ಇಸ್ಪೀಟಾಡುತ್ತ, ಪಿಟೀಲು ಬಾರಿಸುತ್ತ ಕಾಲ ಕಳೆಯುತ್ತಿದ್ದನು. ದುಡಿಮೆಯ ವಿಷಯದಲ್ಲಿ ಆತ ಸೋಮಾರಿಯೇ ಎಂದು ಅವನನ್ನು ಕಂಡವರೆಲ್ಲ ಒಪ್ಪುವರು. ಹಾಗೆಯೇ, ಸಾಧು ಸ್ವಭಾವದವನು, ಮಾತಿಗೆ ತಪ್ಪದವನು ಎಂಬುದನ್ನೂ ಹೇಳುವರು. ಪಾಲಿ ಇದಕ್ಕೆ ತದ್ವಿರುದ್ಧ. ಕ್ಷಣ ಹೊತ್ತು ಕೈ ಕಟ್ಟಿ ಕೂರುವವಳಲ್ಲ. ಆಕೆ ಖಾನಾವಳಿ ನಡೆಸಿದಳು, ಬಟ್ಟೆ ಒಗೆದಳು, ಕಾಯಿಲೆ ಬಿದ್ದವರ ಆರೈಕೆ ಮಾಡಿದಳು. ಖಾನಾವಳಿಯ ಕಾಫಿ ಚೆನ್ನಾಗಿಲ್ಲವೆಂದು ಗೊಣಗಿದ ಗಂಡಸರ ಮುಂದೆ ಆಕೆ ಅಡುಗೆಮನೆಯಿಂದ ದೊಡ್ಡ ಕತ್ತಿ ಹಿಡಿದು ಬಂದು, ಕಾಫಿ ಸೇರದವರು ಯಾರೆಂದು ವಿಚಾರಿಸಿದಳೆಂಬ ಕಥೆಯನ್ನು ಆ ಸೀಮೆಯವರು ಇಂದಿಗೂ ನಗುತ್ತ ಹೇಳುವರು. ಆ ಮೇಲೆ ಯಾರೂ ಗೊಣಗಲಿಲ್ಲವಂತೆ. ನಡೆದದ್ದೋ ಕಟ್ಟಿದ್ದೋ, ಆಕೆಯ ಸ್ವಭಾವಕ್ಕಂತೂ ಕಥೆ ಒಪ್ಪುತ್ತದೆ.

ಇನ್ನು ಆ ಸುಳ್ಳಿನ ವಿಷಯ. ಚಾರ್ಲಿಯು ಪಾಲಿಯನ್ನು ಪೋಕರ್ ಎಂಬ ಇಸ್ಪೀಟಾಟದಲ್ಲಿ ಗೆದ್ದನು, ಆಕೆಯ ಯಜಮಾನನು ಆಕೆಯನ್ನೇ ಪಣಕ್ಕೆ ಒಡ್ಡಿ ಸೋತನು ಎಂಬ ಕಥೆಯೊಂದು ಆಕೆ ಬದುಕಿರುವಾಗಲೇ ಹುಟ್ಟಿ, ಆಕೆ ಸತ್ತ ಮೇಲೆ ಪುಸ್ತಕಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಹಬ್ಬಿತು. ಪಣಕ್ಕಿಟ್ಟ ಹೆಣ್ಣು ಎಂದೊಡನೆ ನಮಗೆ ದ್ರೌಪದಿಯ ನೆನಪಾಗುವುದು ಸಹಜ. ಆದರೆ ದ್ರೌಪದಿಗೆ ಸಭೆಯಲ್ಲಿ ನಿಂತು ಧರ್ಮವನ್ನು ಪ್ರಶ್ನಿಸುವ ಅವಕಾಶವಾದರೂ ದೊರಕಿತು. ಪಾಲಿಯ ಪಾಲಿಗೆ ಬಂದದ್ದು ಬರಿಯ ಅಡ್ಡಹೆಸರು. ಆಪ್ತರಾಗಿದ್ದ ನೆರೆಯವರು ಅದು ಸುಳ್ಳೆಂದು ಹೇಳುತ್ತಲೇ ಬಂದರು. ಕೇಳುವವರಿಗೆ ಮಾತ್ರ ಇಸ್ಪೀಟಿನ ಕಥೆಯೇ ರುಚಿಸಿತು. ಪ್ರಿಸಿಲ್ಲಾ ವೆಗರ್ಸ್ ಎಂಬ ಇತಿಹಾಸಜ್ಞೆಯು ಬಹುಕಾಲ ದಫ್ತರಗಳನ್ನು ಶೋಧಿಸಿ ೨೦೨೦ರಲ್ಲಿ ಪಾಲಿಯ ವಿಸ್ತಾರವಾದ ಚರಿತ್ರೆಯನ್ನು ಪ್ರಕಟಿಸಿದಳು. ಪೋಕರಿನ ಪಣಕ್ಕೆ ಯಾವ ಆಧಾರವೂ ಇಲ್ಲವೆಂಬುದು ಅದರಿಂದ ಸ್ಪಷ್ಟವಾಯಿತು. ಒಮ್ಮೆ ನಿಜವಾಗಿಯೇ ಮಾರಾಟವಾಗಿದ್ದವಳನ್ನು ಕಥೆಗಾರರು ಎರಡನೆಯ ಬಾರಿ ಸರಕಿನಂತೆ ಮೇಜಿನ ಮೇಲಿಟ್ಟರಲ್ಲ ಎಂಬುದೇ ನಮಗೆ ಖೇದದ ಸಂಗತಿ.

ಜೂಜಿಗೂ ಈ ದಂಪತಿಗಳ ಬಾಳಿಗೂ ಸಂಬಂಧವೇ ಇರಲಿಲ್ಲವೆಂದಲ್ಲ. ಇದ್ದಿತು, ಬೇರೆ ತೆರನಾಗಿ. ೧೮೯೦ರ ಸೆಪ್ಟೆಂಬರಿನಲ್ಲಿ ಚಾರ್ಲಿಯೊಡನೆ ಆಡಿ ಸೋತವನೊಬ್ಬನು, ಸೋತ ಹಣವನ್ನು ಹಿಂದಕ್ಕೆ ಕೊಡಬೇಕೆಂದು ಜಗಳ ತೆಗೆದು ಪಿಸ್ತೂಲು ಹಾರಿಸಿದನು. ಗುಂಡು ಕೆನ್ನೆಯನ್ನು ಹೊಕ್ಕು ಮೂಳೆಯನ್ನು ಪುಡಿ ಮಾಡಿತು. ದೂರದಿಂದ ಬಂದ ವೈದ್ಯನು ತನ್ನಿಂದಾದುದನ್ನು ಮಾಡಿ, ರೋಗಿ ಉಳಿಯಲಾರನೆಂದು ಹೇಳಿ ಹೊರಟುಹೋದನು. ಗಾಯವು ಕೀವಾಗಿ ನಂಜೇರುವ ಹೊತ್ತು. ಇಂದಿನ ಔಷಧಗಳಾವುವೂ ಆಗ ಇಲ್ಲ. ಪಾಲಿಯು ನೂಲು ಹೆಣೆಯುವ ತನ್ನ ಕ್ರೋಶಾ ಕಡ್ಡಿಯನ್ನು ತೆಗೆದುಕೊಂಡು, ಗಾಯದೊಳಗೆ ಉಳಿದಿದ್ದ ಮೂಳೆಯ ಚೂರುಗಳನ್ನು ಒಂದೊಂದಾಗಿ ಬಿಡಿಸಿ ತೆಗೆದು, ತೊಳೆದು, ಹಗಲಿರುಳು ಪಕ್ಕದಲ್ಲಿ ಕುಳಿತು ಆರೈಕೆ ಮಾಡಿದಳು. ವೈದ್ಯನು ಕೈಬಿಟ್ಟವನು ತಿಂಗಳುಗಳ ಅನಂತರ ಎದ್ದು ಓಡಾಡಿದನು. ಪಿಸ್ತೂಲಿನ ಮನುಷ್ಯನು ಜೂಜಿನಲ್ಲಿ ಸೋತದ್ದು ಬರಿಯ ಹಣ; ಜನರ ಬಾಯಲ್ಲಿ ಅದೇ ಆಟವು ಮುಂದೆ ಹೆಣ್ಣನ್ನು ಗೆದ್ದ ಆಟವಾಗಿ ಮಾರ್ಪಟ್ಟಿರಬೇಕೆಂದು ಬಲ್ಲವರು ಹೇಳುವರು.

ಅವರಿಬ್ಬರು ಮದುವೆಯಾದದ್ದು ೧೮೯೪ರ ಆಗಸ್ಟ್ ೧೩ರಂದು. ಅಷ್ಟು ವರ್ಷ ಒಂದೇ ಮನೆಯಲ್ಲಿ ಬಾಳಿದವರು ಆಗಲೇ ಏಕೆ ಮದುವೆಯಾದರೆಂಬುದಕ್ಕೆ ಆ ಕಾಲದ ಕಾಯಿದೆಗಳನ್ನು ತುಸು ತಿಳಿಯಬೇಕು. ಚೀನದ ಕೂಲಿಗಾರರು ಅಮೆರಿಕಕ್ಕೆ ಬರಕೂಡದೆಂದು ೧೮೮೨ರಲ್ಲಿ ಶಾಸನವಾಯಿತು. ಅಲ್ಲಿಯೇ ನೆಲಸಿದ ಕೂಲಿಗಾರನು ಊರಿಗೆ ಹೋದರೆ ಮತ್ತೆ ಒಳಗೆ ಬರುವಂತಿಲ್ಲವೆಂದು ೧೮೮೮ರಲ್ಲಿ ಇನ್ನೊಂದು. ಇರುವವರೂ ನಿವಾಸಪತ್ರವನ್ನು ಪಡೆದಿರಬೇಕು, ಇಲ್ಲದಿದ್ದರೆ ಹಿಡಿದು ಗಡೀಪಾರು ಮಾಡಬಹುದು ಎಂದು ೧೮೯೨ರಲ್ಲಿ ಮೂರನೆಯದು. ಅವಧಿಯೊಳಗೆ ಪತ್ರ ಪಡೆಯದವನು ತಾನು ಆ ದೇಶದಲ್ಲಿ ಮೊದಲಿನಿಂದ ಇದ್ದವನೆಂದು ಸಾಧಿಸಲು ಬಿಳಿಯನ ಸಾಕ್ಷಿಯನ್ನೇ ತರಬೇಕಾಗಿತ್ತು. ಚೀನದವನ ಸಾಕ್ಷಿಗೆ ಬೆಲೆಯಿರಲಿಲ್ಲ. ಹಣ ಕೊಟ್ಟು ಕಳ್ಳದಾರಿಯಲ್ಲಿ ತಂದುದು ಆ ದೇಶದಲ್ಲಿಯೇ ನಡೆಯುತ್ತಿದ್ದ ಮಾರುಕಟ್ಟೆಗೆ. ಈಗ ಹೊರಗೆ ಹಾಕುವೆವೆಂದು ಬೆದರಿಸಿದ್ದೂ ಆ ದೇಶವೇ!

ಮದುವೆಯಾದ ಮಾತ್ರಕ್ಕೆ ಪಾಲಿಯು ಅಮೆರಿಕದ ಪ್ರಜೆಯಾಗಲಿಲ್ಲ. ಚೀನದವರಿಗೆ ಆ ಹಕ್ಕೇ ಇರಲಿಲ್ಲ. ಆ ನಿಷೇಧವು ತೊಲಗಿದ್ದು ೧೯೪೩ರಲ್ಲಿ. ಆದರೂ ಗಂಡನೊಬ್ಬನು ಪಕ್ಕದಲ್ಲಿ ನಿಂತರೆ ಬಲವೇ ಅಲ್ಲವೆ? ನಿವಾಸಪತ್ರ ಕೊಡಬೇಕಾಗಿದ್ದ ಅಧಿಕಾರಿಯು ಅವಧಿಯೊಳಗೆ ವಾರೆನ್ನಿಗೆ ಬರಲೇ ಇಲ್ಲ. ಅದರಿಂದ ಪಾಲಿಯೂ ಆ ಸೀಮೆಯ ಇತರ ಚೀನದವರೂ ಅಪರಾಧಿಗಳಂತಾದರು. ಪ್ರಕರಣವು ಮಾಸ್ಕೋ ನಗರದ ನ್ಯಾಯಾಲಯಕ್ಕೆ ಹೋಯಿತು. (ರಷ್ಯದ ರಾಜಧಾನಿಯಲ್ಲ, ಐಡಾಹೊದಲ್ಲಿಯೂ ಆ ಹೆಸರಿನ ಊರೊಂದಿದೆ.) ತಪ್ಪು ಅವರದಲ್ಲವೆಂದು ನ್ಯಾಯಾಧೀಶನು ಒಪ್ಪಿದ ಮೇಲೆ, ೧೮೯೬ರ ಆಗಸ್ಟಿನಲ್ಲಿ ಪಾಲಿಯ ಹೆಸರಿನ ನಿವಾಸಪತ್ರವು ಸಿದ್ಧವಾಯಿತು.

ಮದುವೆಯಾದ ಮೇಲೆ ಗಂಡಹೆಂಡಿರು ಊರನ್ನು ಬಿಟ್ಟು ಹದಿನೇಳು ಮೈಲು ದೂರದ ಸಾಮನ್ ನದಿಯ ಕಣಿವೆಗೆ ಇಳಿದರು. ದಾರಿಯುದ್ದಕ್ಕೂ ಇಳಿಜಾರು, ವಾರೆನ್ನಿನ ಎತ್ತರದಿಂದ ಮೂರು ಸಾವಿರ ಅಡಿಗೂ ಮೀರಿ ಕೆಳಗಿಳಿಯಬೇಕು. ಮೇಲೆ ವಾರೆನ್ನಿನಲ್ಲಿ ಮೊಣಕಾಲುದ್ದ ಹಿಮವಿದ್ದರೂ ಕೆಳಗಿನ ಕಣಿವೆಯಲ್ಲಿ ಹವೆ ಹಿತವಾಗಿರುತ್ತದೆ, ಮಣ್ಣಿನಲ್ಲಿ ಹಾಕಿದ್ದು ಬೆಳೆಯುತ್ತದೆ. ನದಿಯ ದಕ್ಷಿಣ ದಂಡೆಯಲ್ಲಿ ಮರದ ದಿಮ್ಮಿಗಳ ಮನೆಯೊಂದನ್ನು ಕಟ್ಟಿಕೊಂಡರು. ಭೂಮಿಯ ಹಕ್ಕು ಚಾರ್ಲಿಯ ಹೆಸರಿನಲ್ಲಿ. ದುಡಿಮೆ ಬಹುಪಾಲು ಪಾಲಿಯದು. ತೋಟದಲ್ಲಿ ಪ್ಲಮ್ ಹಣ್ಣು, ಬೇರಿಕಾಯಿ, ಚೆರಿ, ದ್ರಾಕ್ಷಿ. ಹೊಲದಲ್ಲಿ ಮುಸುಕಿನ ಜೋಳ. ಹಿತ್ತಿಲಲ್ಲಿ ತರಕಾರಿ, ಕೋಳಿ, ಬಾತುಕೋಳಿ, ಒಂದು ಹಸು. ಗುದ್ದಲಿ ಕೆಳಗಿಟ್ಟರೆ ಗಾಳ ಕೈಗೆ ಬರುತ್ತಿತ್ತು. ಎರೆಹುಳುಗಳನ್ನು ಮುಂಗವಚದ ಜೇಬಿನಲ್ಲಿ ತುಂಬಿಕೊಂಡು ಹೊಳೆಯ ಬಂಡೆಯ ಮೇಲೆ ಕುಳಿತರೆ, ಮೀನಿಲ್ಲದೆ ಮನೆಗೆ ಬರುತ್ತಿದ್ದುದು ಅಪರೂಪ. ಚಾರ್ಲಿಯು ಪಿಟೀಲನ್ನು ಬಿಡಲಿಲ್ಲ. ಬೇಟೆಗೆ ಹೋಗುವನು, ದೋಣಿಯವರೊಡನೆ ಹರಟುವನು.

ಈ ಸಂಸಾರವನ್ನು ಪ್ರೇಮವೆನ್ನಬಹುದೇ ಎಂದು ಕೆಲವರು ಕೇಳಿದ್ದುಂಟು. ಪ್ರಾಣ ಉಳಿಸಿದ ಋಣಕ್ಕೆ ಆತ ಮದುವೆಯಾದನೆಂದು ಒಬ್ಬರು, ಗಡೀಪಾರಿನ ಭಯಕ್ಕೆ ಆಕೆ ಮದುವೆಯಾದಳೆಂದು ಮತ್ತೊಬ್ಬರು ಲೆಕ್ಕ ಹಾಕುವರು. ನಮಗೆ ಈ ಲೆಕ್ಕ ಅಷ್ಟು ಒಪ್ಪಿಗೆಯಾಗುವುದಿಲ್ಲ. ಋಣವಾಗಲಿ ಭಯವಾಗಲಿ ಒಂದೆರಡು ವರ್ಷ ಮನುಷ್ಯರನ್ನು ಕಟ್ಟಿಹಾಕಬಹುದು. ನೆರೆಯಿಲ್ಲದ ಕಣಿವೆಯಲ್ಲಿ, ಚಳಿಗಾಲದ ದೀರ್ಘ ರಾತ್ರಿಗಳಲ್ಲಿ, ಇಪ್ಪತ್ತೆಂಟು ವರ್ಷ ಕಟ್ಟಿಹಾಕಲಾರದು. ಅವರಿಗೆ ಮಕ್ಕಳಿರಲಿಲ್ಲ. ಒಬ್ಬರಿಗೊಬ್ಬರು ಹೊರತು ಮಾತನಾಡಲು ಬೇರೆ ಜನವೂ ಬಹುಕಾಲ ಇರಲಿಲ್ಲ.

೧೯೧೦ರ ಸುಮಾರಿಗೆ ನೆರೆಯೂ ದೊರಕಿತು. ಹೊಳೆಯ ಆಚೆಯ ದಂಡೆಯಲ್ಲಿ ಚಾರ್ಲಿ ಶೆಪ್ ಮತ್ತು ಪೀಟರ್ ಕ್ಲಿಂಕ್‌ಹ್ಯಾಮರ್ ಎಂಬ ಇಬ್ಬರು ಬ್ರಹ್ಮಚಾರಿಗಳು ಬಂದು ನೆಲಸಿದರು. ಈ ಶೆಪ್ ದಿನಚರಿ ಬರೆಯುವ ಅಭ್ಯಾಸವುಳ್ಳವನು. ಇಂದು ಬಿಸಿಲು, ನಾಳೆ ಮಳೆ, ಪಾಲಿಯ ಮನೆಯಲ್ಲಿ ಊಟ, ಎಂದು ದಿನಕ್ಕೊಂದು ಸಾಲು ಗೀಚಿದ ಆ ಪುಸ್ತಕಗಳು ಇತಿಹಾಸಕಾರರಿಗೆ ಚಿನ್ನದ ಗಣಿಯಾಗಿವೆ. ನಮ್ಮ ವಿದ್ಯಾರ್ಥಿಗಳಲ್ಲಿ ದಿನಚರಿ ಬರೆಯಲು ತೊಡಗಿ ಜನವರಿ ಹತ್ತಕ್ಕೇ ನಿಲ್ಲಿಸುವವರು ಇದನ್ನು ಗಮನಿಸಬಹುದು. ಈ ನೆರೆಯವರು ಹೊಳೆಯ ಮೇಲೆ ತಂತಿ ಎಳೆದು ಎರಡು ಮನೆಗಳ ನಡುವೆ ಟೆಲಿಫೋನನ್ನೂ ಹಾಕಿಸಿದರು. ಇಂದು ಕೋಳಿಗಳು ಎಷ್ಟು ಮೊಟ್ಟೆ ಇಟ್ಟವು, ಎಷ್ಟು ಮೀನು ಸಿಕ್ಕಿತು, ಇವೇ ಆ ತಂತಿಯ ಮೇಲೆ ನಿತ್ಯವೂ ಓಡಾಡುತ್ತಿದ್ದ ಸುದ್ದಿಗಳು.

ಚಾರ್ಲಿಯ ಆರೋಗ್ಯ ಕೆಟ್ಟಿತು. ಕೊನೆಯ ಕೆಲವು ವರ್ಷ ಆತ ಹಾಸಿಗೆಯನ್ನೇ ಹಿಡಿದನು. ಮೂವತ್ತು ವರ್ಷಗಳ ಹಿಂದೆ ಮಾಡಿದ ಶುಶ್ರೂಷೆಯನ್ನು ಪಾಲಿ ಪುನಃ ಆರಂಭಿಸಿದಳು. ಈ ಸಲ ಆಕೆಗೂ ಎಪ್ಪತ್ತು ಹತ್ತಿರವಾಗಿತ್ತು. ಹೀಗಿರಲು ೧೯೨೨ರ ಆಗಸ್ಟಿನಲ್ಲಿ ಮನೆಗೆ ಬೆಂಕಿ ಬಿದ್ದಿತು. ದಿಮ್ಮಿಯ ಮನೆ, ಬೇಸಗೆಯಲ್ಲಿ ಒಣಗಿ ಸೌದೆಯಂತಾಗಿದ್ದಿತು. ಆಚೆಯ ದಂಡೆಯಿಂದ ಹೊಗೆ ಕಂಡ ಶೆಪ್ ದೋಣಿ ಹಾಕಿಕೊಂಡು ಧಾವಿಸಿ ಬಂದು, ಏಳಲಾರದ ಚಾರ್ಲಿಯನ್ನು ಹೊರಗೆ ತರಲು ನೆರವಾದನು. ಜೀವ ಎರಡು ಉಳಿದವು, ಮನೆ ಉಳಿಯಲಿಲ್ಲ. ಶೆಪ್‌ನ ಮನೆಯಲ್ಲಿಯೇ ಅಕ್ಟೋಬರ್ ೨೯ರಂದು ಚಾರ್ಲಿ ತೀರಿಕೊಂಡನು. ಹೊಳೆಯ ಉತ್ತರದ ಆ ದಂಡೆಯಲ್ಲಿಯೇ ಅವನನ್ನು ಹೂಳಿದರು.

ಪಾಲಿಯು ಹಿಂದಿರುಗಿ ವಾರೆನ್ನಿಗೆ ಹೋದಳು. ಐವತ್ತು ವರ್ಷಗಳ ಹಿಂದೆ ಕುದುರೆಯಿಂದಿಳಿದ ಊರು ಈಗ ಹಾಳು ಸುರಿಯುತ್ತಿತ್ತು; ಚೀನದವರೆಂದು ಹೇಳುವಂತಹವರು ಬೆರಳೆಣಿಕೆಯಷ್ಟು ಮಂದಿ. ಅಲ್ಲಿಂದ ೧೯೨೩ರಲ್ಲಿ ಗ್ರ್ಯಾಂಜ್‌ವಿಲ್ ಪಟ್ಟಣಕ್ಕೂ, ೧೯೨೪ರಲ್ಲಿ ರಾಜಧಾನಿಯಾದ ಬಾಯ್ಸಿ ನಗರಕ್ಕೂ ಪರಿಚಿತರು ಆಕೆಯನ್ನು ಕರೆದೊಯ್ದರು. ರೈಲನ್ನೂ ಮೋಟಾರು ಗಾಡಿಯನ್ನೂ ಚಲಚ್ಚಿತ್ರವನ್ನೂ ಆಕೆ ಮೊದಲ ಬಾರಿ ಕಂಡದ್ದು ಆಗಲೇ! ಅರ್ಧ ಶತಮಾನ ಅಮೆರಿಕದಲ್ಲಿದ್ದು ಅಮೆರಿಕವನ್ನು ಎಪ್ಪತ್ತನೆಯ ವಯಸ್ಸಿನಲ್ಲಿ ನೋಡಿದಂತಾಯಿತು. ಬಾಯ್ಸಿಯಲ್ಲಿ ಟ್ರಾಮ್ ಗಾಡಿ ಏರಿದಳು, ಲಿಫ್ಟಿನಲ್ಲಿ ಮಹಡಿಗೆ ಹೋಗಿ ಬಂದಳು. ಪತ್ರಿಕೆಯವರು ಆಕೆಯನ್ನು ಮಾತನಾಡಿಸಿ ವರದಿ ಬರೆದರು. ಪಟ್ಟಣದ ವಾಸಕ್ಕೆ ಬೇಕಾದ ಅನುಕೂಲವೆಲ್ಲ ಅಲ್ಲಿದ್ದಿತು. ಆದರೆ ಆಕೆಯ ಮನಸ್ಸು ಹೊಳೆಯ ಕಡೆಗೇ ಎಳೆಯುತ್ತಿತ್ತು.

ಶೆಪ್ ಮತ್ತು ಕ್ಲಿಂಕ್‌ಹ್ಯಾಮರ್ ಸುಟ್ಟ ಜಾಗದಲ್ಲಿಯೇ ಆಕೆಗೆ ಚಿಕ್ಕದೊಂದು ಮನೆಯನ್ನು ಕಟ್ಟಿಕೊಟ್ಟರು. ತನ್ನ ಕಾಲಾನಂತರ ಭೂಮಿಯನ್ನು ಅವರಿಗೆ ಬಿಟ್ಟುಕೊಡುವುದು, ಬದುಕಿರುವವರೆಗೆ ಅವರು ತನ್ನನ್ನು ನೋಡಿಕೊಳ್ಳುವುದು ಎಂಬುದು ಮೂವರ ನಡುವಣ ಒಪ್ಪಂದ. ೧೯೨೪ರ ಶರತ್ಕಾಲದಲ್ಲಿ ಪಾಲಿ ಅಲ್ಲಿಗೆ ಮರಳಿ, ಒಂಬತ್ತು ವರ್ಷ ಒಬ್ಬಳೇ ಇದ್ದಳು. ಒಬ್ಬಳೇ ಎಂದೆವು, ಟೆಲಿಫೋನು ಇದ್ದಿತು, ಗಾಳವಿದ್ದಿತು. ಮೊಟ್ಟೆಗಳ ಲೆಕ್ಕ ನಡೆದೇ ಇದ್ದಿತು.

೧೯೩೩ರ ಆಗಸ್ಟಿನಲ್ಲಿ ಆಕೆಗೆ ಲಕ್ವ ಹೊಡೆಯಿತು. ನೆರೆಯವರು ಕುದುರೆಯ ಮೇಲೆ ಕೂಡಿಸಿ, ಹಿಡಿದುಕೊಂಡು, ಕಡಿದಾದ ಬೆಟ್ಟದ ದಾರಿಯಲ್ಲಿ ಗಾಡಿಯ ರಸ್ತೆಯವರೆಗೆ ತಂದರು. ಅಲ್ಲಿಂದ ಮೋಟಾರಿನಲ್ಲಿ ಗ್ರ್ಯಾಂಜ್‌ವಿಲ್ಲಿನ ಆಸ್ಪತ್ರೆಗೆ. ಕಣಿವೆಯಿಂದ ಆಕೆ ಕೊನೆಯ ಬಾರಿ ಹೊರಟದ್ದು, ಅರುವತ್ತೊಂದು ವರ್ಷಗಳ ಹಿಂದೆ ಆ ಬೆಟ್ಟಗಳಿಗೆ ಬಂದ ಹಾಗೆಯೇ, ಕುದುರೆಯ ಬೆನ್ನಿನ ಮೇಲೆ. ನವೆಂಬರ್ ೬ರಂದು, ಎಂಬತ್ತು ವರ್ಷ ತುಂಬಿದ ಆಕೆ ಕಣ್ಣು ಮುಚ್ಚಿದಳು. ತನ್ನನ್ನು ಹೊಳೆಯ ಸದ್ದು ಕೇಳುವಲ್ಲಿ ಮಣ್ಣು ಮಾಡಬೇಕೆಂಬ ಆಸೆ ಆಕೆಗಿದ್ದಿತಾದರೂ ಅದು ಆಗ ಕೈಗೂಡಲಿಲ್ಲ. ಗ್ರ್ಯಾಂಜ್‌ವಿಲ್ಲಿನ ಸ್ಮಶಾನದಲ್ಲಿಯೇ ಹೂಳಿದರು. ಊರಿನ ಪುರಸಭೆಯ ಸದಸ್ಯರು ಶವಪೆಟ್ಟಿಗೆಗೆ ಹೆಗಲು ಕೊಟ್ಟರು.

ಆಕೆಯ ಉಡುಪು, ಚಿನ್ನದ ಗುಂಡಿಗಳು ಮೊದಲಾದ ಕೆಲವು ವಸ್ತುಗಳನ್ನು ಕಾಟನ್‌ವುಡ್ ಎಂಬಲ್ಲಿರುವ ಸಂತ ಗರ್ಟ್ರೂಡ್ ಮಠದ ವಸ್ತುಸಂಗ್ರಹಾಲಯದಲ್ಲಿ ಕಾಪಾಡಿಟ್ಟಿದ್ದಾರೆ. ಆಕೆಯ ಜಮೀನಿನ ಮೇಲೆ ಹರಿಯುವ ತೊರೆಗೆ ಪಾಲಿಯ ತೊರೆಯೆಂದೇ ಹೆಸರು. ೧೯೮೭ರಲ್ಲಿ ಹೊಳೆಯ ದಂಡೆಯ ಚಿಕ್ಕ ಮನೆಯನ್ನು ಸರಿಪಡಿಸಿ, ಅವಳ ಅಸ್ಥಿಗಳನ್ನು ಗ್ರ್ಯಾಂಜ್‌ವಿಲ್ಲಿನಿಂದ ತಂದು ಅದರ ಬಳಿಯಲ್ಲಿಯೇ ಮಣ್ಣು ಮಾಡಿದರು. ಮರುವರ್ಷ ಆ ಮನೆಯು ರಾಷ್ಟ್ರದ ಐತಿಹಾಸಿಕ ಸ್ಥಳಗಳ ಪಟ್ಟಿಯನ್ನು ಸೇರಿತು. ದಕ್ಷಿಣದ ದಂಡೆಯಲ್ಲಿ ಪಾಲಿಯ ಗೋರಿ, ಉತ್ತರದ ದಂಡೆಯಲ್ಲಿ ಚಾರ್ಲಿಯ ಗೋರಿ. ನಡುವೆ ಹೊಳೆ ಹರಿಯುತ್ತದೆ.